ಕಾಡು ಬಾ ಅಂದಾಗ

ಕ್ವಾರ್ಟ್ಸೈಟ್, ಅರಿಝೋನಾ
ಜನವರಿ ಕೊನೆಯ ವಾರ

ಪ್ರೀತಿಯ ಭಾವನವರಿಗೆ,

ಈ ಕಾಗದ ನಿಮ್ಮ ಪತ್ರದ ಕೊನೆಯ ಸಾಲಿಗೆ ಉತ್ತರ. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎನ್ನುವ ವಯಸ್ಸಿನಲ್ಲಿ, ಮೈಯಲ್ಲಿ ಸಕ್ಕರೆ, ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡು ಗಾಡಿಯಲ್ಲಿ ಸಂಸಾರ ಹೂಡುವುದು ಅರಳುಮರಳಲ್ಲದೆ ಇನ್ನೇನು?’ ಎಂದು ಕೇಳಿದ್ದೀರಿ. ಗಾದೆಯ ಕಾಡು ಎಂದರೆ ಸ್ಮಶಾನ. ಈ ಊರಿನಲ್ಲಿ ಅದೂ ಇದೆ. 1856ರಲ್ಲಿ ಅಮೆರಿಕದ ಸೈನ್ಯ ಒಂಟೆಗಳನ್ನು ತರಿಸಿಕೊಂಡಾಗ ಅವುಗಳ ಜೊತೆ ಬಂದ ಹಾಜಿ ಅಲಿ ಎಂಬ ಸಿರಿಯಾ ಕಡೆಯ ಒಂಟೆಯಾಳು 1902ರಲ್ಲಿ ಇಲ್ಲಿ ತೀರಿಕೊಂಡ. ಅವನ ಗೋರಿಯ ಮೇಲಿನ ಕಲ್ಲಿನ ಪಿರಮಿಡ್, ಅದರ ತುದಿಯ ಲೋಹದ ಒಂಟೆ ಊರಿನ ಹೆಗ್ಗುರುತು. ಆದರೆ ಚಳಿಗಾಲದಲ್ಲಿ ವಯಸ್ಸಾದವರನ್ನು ಇಲ್ಲಿಗೆ ಕರೆಯುವುದು ಕಳ್ಳಿ, ಮುಳ್ಳುಪೊದೆ, ಜಲ್ಲಿಕಲ್ಲಿನ ಇನ್ನೊಂದು ಕಾಡು. 2020ರ ಜನಗಣತಿಯಲ್ಲಿ 2,413 ಜನರಿದ್ದ ಊರಿದು. ಜನವರಿಯಲ್ಲಿ ಇದರ ಸುತ್ತ ಮೋಟರ್‌ಹೋಮ್, ಟ್ರೇಲರ್, ವ್ಯಾನುಗಳ ಸಂತೆ ನೆರೆಯುತ್ತದೆ. ಅವುಗಳೊಳಗೆ ಇರುವವರಲ್ಲಿ ಬಹುಪಾಲು ನಿವೃತ್ತರು. ಇವರದು ಬರೀ ಧೈರ್ಯ ಎಂದು ಹೊಗಳುವವರೂ ಹುಚ್ಚು ಎಂದು ಜರೆಯುವವರೂ ನೋಡುವುದು ಒಬ್ಬೊಬ್ಬರ ಸ್ವಭಾವವನ್ನು ಮಾತ್ರ. ನನ್ನ ವಾದ ಬೇರೆ. ಮುಪ್ಪಿನ ಅಲೆದಾಟಕ್ಕೆ ಗಟ್ಟಿ ದೇಹಕ್ಕಿಂತ ಹೆಚ್ಚಾಗಿ ಬೇಕಾದ್ದು, ದೇಹ ಕೈಕೊಟ್ಟಾಗ ಹಿಡಿದುಕೊಳ್ಳುವ ಏರ್ಪಾಡು. ಅದು ಇದ್ದಲ್ಲಿ ಕಾಯಿಲೆ ಪ್ರಯಾಣವನ್ನು ನಿಲ್ಲಿಸುವುದಿಲ್ಲ, ಅದರ ದಾರಿಯನ್ನು ಗೊತ್ತುಮಾಡುತ್ತದೆ. ಇಲ್ಲದಲ್ಲಿ ಎಷ್ಟು ಧೈರ್ಯವಿದ್ದರೂ ಅಪಾಯವೇ.

ಮೊದಲ ಏರ್ಪಾಡು ನೆಲದ್ದು. ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಎಂಬ ಬಯಲು ಕೇಂದ್ರ ಸರ್ಕಾರದ ಭೂ ಇಲಾಖೆಯದು. ಸಾಮಾನ್ಯವಾಗಿ ಇಂಥ ಸರ್ಕಾರಿ ಬಯಲುಗಳಲ್ಲಿ 14 ದಿನ ಇದ್ದು ಜಾಗ ಬದಲಿಸಬೇಕು. ಚಳಿಗೆ ಹೆದರಿ ಉತ್ತರದಿಂದ ಇಳಿದುಬರುವ ಮುದುಕರಿಗೆ ಹದಿನೈದು ದಿನಕ್ಕೊಮ್ಮೆ ಗಂಟುಮೂಟೆ ಕಟ್ಟುವುದು ಕಷ್ಟ; ನೆಲಕ್ಕೂ ಎಲ್ಲೆಂದರಲ್ಲಿ ಬೀಡುಬಿಡುವುದು ಒಳ್ಳೆಯದಲ್ಲ. ಅದಕ್ಕಾಗಿ 1983ರಲ್ಲಿ ದೀರ್ಘಕಾಲದ ವಾಸ್ತವ್ಯಕ್ಕೆಂದೇ ಕೆಲವು ಬಯಲುಗಳನ್ನು ಗುರುತು ಮಾಡಿದರು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಅಂದರೆ ಏಳು ತಿಂಗಳ ವಾಸಕ್ಕೆ ಬಹುಕಾಲ ಇದ್ದ ಶುಲ್ಕ 180 ಡಾಲರ್. ಅಮೆರಿಕದ ನಗರದಲ್ಲಿ ಆ ಹಣಕ್ಕೆ ಹೋಟೆಲಿನಲ್ಲಿ ಎರಡು ರಾತ್ರಿ ಕಳೆಯುವುದೂ ಕಷ್ಟ. ಕರೆಂಟ್ ಇಲ್ಲ, ನಲ್ಲಿ ಗಾಡಿಯ ಹತ್ತಿರ ಬರುವುದಿಲ್ಲ. ಆದರೆ ಕುಡಿಯುವ ನೀರು ತುಂಬಿಸಿಕೊಳ್ಳಲು, ಶೌಚದ ತೊಟ್ಟಿ ಖಾಲಿ ಮಾಡಲು, ಕಸ ಹಾಕಲು ಜಾಗವಿದೆ. ಇದರ ಜೊತೆಗೆ 62 ತುಂಬಿದ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ 80 ಡಾಲರಿಗೆ ರಾಷ್ಟ್ರೀಯ ಉದ್ಯಾನಗಳ ಆಜೀವ ಪಾಸ್ ಸಿಗುತ್ತದೆ; ಶಾಶ್ವತ ಅಂಗವೈಕಲ್ಯ ಇದ್ದವರಿಗೆ ಅದೂ ಉಚಿತ. ಈ ಪಾಸ್ ತೋರಿಸಿದರೆ ಕೇಂದ್ರ ಸರ್ಕಾರದ ಎಷ್ಟೋ ಕ್ಯಾಂಪುಗಳಲ್ಲಿ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಯಾತ್ರೆಯ ದಾರಿಗಳಲ್ಲಿ ಛತ್ರ, ಅರವಟ್ಟಿಗೆ ಕಟ್ಟಿಸಿದವರ ಬುದ್ಧಿಯೂ ಇಂಥದ್ದೇ. ನಡೆಯುವವನ ಕಾಲಿನ ಬಲ ಸಾಲದು, ದಾರಿಗೂ ಬಲ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಎರಡನೆಯದು ಕಾಯಿಲೆಯ ಲೆಕ್ಕಾಚಾರ. ಎಲ್ಲಿ ಬಿಡಾರ ಹೂಡಬಹುದು ಎನ್ನುವುದನ್ನು ಇಲ್ಲಿ ಭೂಪಟಕ್ಕಿಂತ ಮೊದಲು ರೋಗ ಹೇಳುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವವರು ಮುಖಕ್ಕೆ ಹಾಕಿಕೊಳ್ಳುವ ಸಿಪ್ಯಾಪ್ ಯಂತ್ರವನ್ನೇ ತೆಗೆದುಕೊಳ್ಳಿ. ಗಾಳಿ ಬೆಚ್ಚಗೆ ಮಾಡುವ ಭಾಗವನ್ನು ಆರಿಸಿಟ್ಟರೆ ಅದು ಸುಮಾರು 40 ವ್ಯಾಟ್ ಎಳೆಯುತ್ತದೆ, ಎಂಟು ಗಂಟೆಗೆ 320 ವ್ಯಾಟ್-ಗಂಟೆ. 100 ಆಂಪಿಯರ್-ಗಂಟೆಯ ಒಂದು ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಗಂಟೆ ಇರುತ್ತದೆ. ನಾಲ್ಕನೇ ಒಂದು ಭಾಗ ರಾತ್ರಿಗೆ ಖರ್ಚಾದರೆ ಗಾಡಿಯ ಚಾವಣಿಯ ಸೋಲಾರ್ ಫಲಕ ಮಾರನೆಯ ಹಗಲು ಅದನ್ನು ತುಂಬಿಬಿಡುತ್ತದೆ. ಅದೇ ಶ್ವಾಸಕೋಶ ಕೆಟ್ಟು ಹಗಲೂ ರಾತ್ರಿ ಆಮ್ಲಜನಕದ ದೊಡ್ಡ ಯಂತ್ರ ಬೇಕಾದವರಿಗೆ 300 ವ್ಯಾಟಿನಂತೆ ದಿನಕ್ಕೆ ಏಳು ಸಾವಿರ ವ್ಯಾಟ್-ಗಂಟೆ ದಾಟುತ್ತದೆ. ಅಂಥವರಿಗೆ ಲಾ ಪೋಸಾ ಆಗದು. ಕರೆಂಟ್ ಕೊಡುವ ಬಾಡಿಗೆ ಪಾರ್ಕೇ ಗತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಇಲ್ಲಿ ಬ್ಯಾಟರಿಗೆ ಹೇಳಿಕೊಳ್ಳಬೇಕು. ಇನ್ಸುಲಿನ್‌ಗೆ ಫ್ರಿಜ್ಜು ಬೇಕು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ನೆಲದಲ್ಲಿ ಅದನ್ನು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಮರೆತರೆ ಔಷಧ ಕೆಟ್ಟಂತೆ. ಡಯಾಲಿಸಿಸ್ ಬೇಕಾದವರಿಗೆ ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ. ಮುಂದಿನ ಊರಿನ ಕೇಂದ್ರದಲ್ಲಿ ವಾರಗಳ ಮೊದಲೇ ಕುರ್ಚಿ ಕಾದಿರಿಸದೆ ಎಂಜಿನ್ ಚಾಲೂ ಮಾಡುವಂತಿಲ್ಲ. ಬೇಸಿಗೆ ಬಂದರೆ ಇಲ್ಲಿಯವರು ತಂಪಿಗೆಂದು 2,100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫ್ ಕಡೆ ಹತ್ತುವುದುಂಟು. ಉಸಿರಿನ ತೊಂದರೆ ಇದ್ದವರಿಗೆ ಆ ತೆಳುಗಾಳಿ ಒಗ್ಗದು. ಅವರ ದಾರಿ ಪಶ್ಚಿಮದ ಕಡಲತೀರಕ್ಕೆ ತಿರುಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಹೊರಡುವವರನ್ನು ಅರಳುಮರಳು ಎನ್ನಲು ನನಗೆ ನಾಲಿಗೆ ಹೊರಳದು.

ನೀವು ತಕ್ಷಣ ಕೇಳುವ ಪ್ರಶ್ನೆ ನನಗೆ ಗೊತ್ತು: ನಡುರಾತ್ರಿ ಎದೆ ಹಿಡಿದುಕೊಂಡರೆ? ಇದು ನಿಜವಾದ ಅಪಾಯ, ಬಣ್ಣ ಹಚ್ಚಿ ಮರೆಸುವಂಥದ್ದಲ್ಲ. ಇಲ್ಲಿಂದ ಉತ್ತರಕ್ಕೆ ಐವತ್ತಾರು ಕಿಲೊಮೀಟರ್ ದೂರದ ಪಾರ್ಕರ್‌ನಲ್ಲಿ ಇರುವುದು ಚಿಕ್ಕ ಆಸ್ಪತ್ರೆ. ದೊಡ್ಡ ಹೃದಯ ಚಿಕಿತ್ಸೆಗೆ 200 ಕಿಲೊಮೀಟರ್ ಆಚೆಯ ಫೀನಿಕ್ಸ್‌ಗೇ ಸಾಗಿಸಬೇಕು. ಆದರೆ ಹೋಲಿಸುವಾಗ ಬೆಂಗಳೂರಿನ ಜಯನಗರದ ಜೊತೆ ಹೋಲಿಸಿ ಸುಮ್ಮನಾಗಬೇಡಿ. ಸಾಗರ ಪಟ್ಟಣದಿಂದ ಶಿವಮೊಗ್ಗದ ಆಸ್ಪತ್ರೆಗಳಿಗೆ ಎಪ್ಪತ್ತು ಕಿಲೊಮೀಟರ್. ಶರಾವತಿ ಹಿನ್ನೀರಿನ ಆಚೆಯ ಒಂಟಿಮನೆಗಳಿಂದ ಇನ್ನೂ ದೂರ. ಮಳೆಗಾಲದಲ್ಲಿ ಆ ಮನೆಗಳಲ್ಲಿ ಹೃದ್ರೋಗಿಗಳು ಬಾಳುತ್ತಾರೆ, ಅವರನ್ನು ಯಾರೂ ಹುಚ್ಚರೆನ್ನುವುದಿಲ್ಲ, ಏಕೆಂದರೆ ಅದು ಅವರ ಮನೆ. ಗಾಡಿಯ ಮನೆಗೆ ಒಂದು ಅನುಕೂಲ ಹೆಚ್ಚು: ಕಾಯಿಲೆ ಏರಿದಾಗ ಮನೆಯನ್ನೇ ಆಸ್ಪತ್ರೆಯ ಊರಿಗೆ ಒಯ್ದು ನಿಲ್ಲಿಸಬಹುದು. ಇನ್ನೊಂದು ಮಾತು. ಮುಪ್ಪಿನಲ್ಲಿ ಅಪಾಯ ಬರುವುದು ಹೃದಯದಿಂದ ಮಾತ್ರವಲ್ಲ. ಈ ದೇಶದಲ್ಲಿ 65 ದಾಟಿದವರಲ್ಲಿ ನಾಲ್ವರಿಗೆ ಒಬ್ಬರಂತೆ ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ, ಆ ವಯಸ್ಸಿನವರಲ್ಲಿ ಪೆಟ್ಟಿನಿಂದಾಗುವ ಸಾವಿಗೆ ಮೊದಲ ಕಾರಣ ಬೀಳುವುದೇ. ಬಿದ್ದವರನ್ನು ಯಾರಾದರೂ ಬೇಗ ನೋಡುತ್ತಾರೋ ಇಲ್ಲವೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಒಂಟಿತನವನ್ನೇ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಎಚ್ಚರಿಸಿದರು. ಐದು ಕೋಣೆಯ ಮನೆಯ ಬಚ್ಚಲಲ್ಲಿ ಜಾರಿದವರು ಹೊರಗಿನವರಿಗೆ ಕಾಣುವುದಿಲ್ಲ. ಇಪ್ಪತ್ತು ಮಾರು ದೂರದ ಗಾಡಿಯ ಪರದೆ ಹೊತ್ತೇರಿದರೂ ಸರಿಯದಿದ್ದರೆ ಕಣ್ಣಿಗೆ ಬೀಳುತ್ತದೆ.

ಮೂರನೆಯ ಏರ್ಪಾಡು ವಿಮೆ. ಇಡೀ ಚಕ್ರ ತಿರುಗುವ ಕೀಲು ಇದೇ. 1965ರಲ್ಲಿ ಬಂದ ಮೆಡಿಕೇರ್ 65 ತುಂಬಿದವರಿಗೆ ಸರ್ಕಾರ ಕೊಡುವ ವೈದ್ಯಕೀಯ ವಿಮೆ. ಅದರ ಮೂಲ ರೂಪದಲ್ಲಿ ಮೆಡಿಕೇರ್ ಒಪ್ಪುವ ಯಾವ ವೈದ್ಯರ ಬಳಿಗಾದರೂ, ಯಾವ ರಾಜ್ಯದಲ್ಲಾದರೂ ಹೋಗಬಹುದು. ಆದರೆ ಅದೇ ಮೆಡಿಕೇರನ್ನು ಖಾಸಗಿ ಕಂಪನಿಗಳ ಮೂಲಕ ಕೊಡುವ ‘ಅಡ್ವಾಂಟೇಜ್’ ಯೋಜನೆಗಳಲ್ಲಿ ಹಲ್ಲು, ಕಣ್ಣಿನ ಆಮಿಷವಿದ್ದರೂ ಸಾಮಾನ್ಯವಾಗಿ ವೈದ್ಯರ ಪಟ್ಟಿ ಊರಿನ ಸುತ್ತಮುತ್ತಲಿನದು. ತುರ್ತು ಚಿಕಿತ್ಸೆ ಎಲ್ಲಾದರೂ ನಡೆಯುತ್ತದೆ, ತಿಂಗಳ ತಪಾಸಣೆ ನಡೆಯುವುದಿಲ್ಲ. ಈಗ ಅರ್ಧಕ್ಕಿಂತ ಹೆಚ್ಚು ಫಲಾನುಭವಿಗಳು ಇರುವುದು ಇದರಲ್ಲೇ. ಅವರ ಗಾಡಿಗೆ ನಾಲ್ಕು ಚಕ್ರವಿದ್ದರೂ ಕಾಲಿಗೆ ಹಗ್ಗವಿದೆ. ಕೆನಡಾದಿಂದ ಇಳಿಯುವವರದು ಇನ್ನೊಂದು ಕಥೆ. ಒಂಟಾರಿಯೊದವರು ವರ್ಷದಲ್ಲಿ 212 ದಿನ ಹೊರಗಿರಬಹುದು, ಆದರೆ ಗಡಿಯ ಈಚೆಗೆ ಅವರ ಸರ್ಕಾರ ಕೊಡುವುದು ಚಿಲ್ಲರೆ. ಖಾಸಗಿ ವಿಮೆ ಕೊಳ್ಳಬೇಕು, ಅದು ಹೊರಡುವ ಮುನ್ನ ಕೆಲವು ತಿಂಗಳು ಕಾಯಿಲೆ ಸ್ಥಿರವಾಗಿತ್ತೇ, ಮಾತ್ರೆ ಬದಲಾಗಿಲ್ಲವೇ ಎಂದು ಕೇಳುತ್ತದೆ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬರುವ ನಮ್ಮ ಕಡೆಯ ಅಪ್ಪ ಅಮ್ಮಂದಿರ ಪಾಡು ಎಲ್ಲಕ್ಕಿಂತ ಬಿಗಿ. ಅವರಿಗೆ ಸಿಗುವ ಸಂದರ್ಶಕರ ವಿಮೆಯಲ್ಲಿ ಮೊದಲೇ ಇದ್ದ ಬಿಪಿ, ಸಕ್ಕರೆ, ಹೃದಯದ ತೊಂದರೆಗಳಿಗೆ ಬಹುಮಟ್ಟಿಗೆ ಜಾಗವಿಲ್ಲ. ದೇಹದ ಸ್ಥಿತಿ ಒಂದೇ ಇದ್ದ ಮೂವರಲ್ಲಿ ಒಬ್ಬರು ಹೊರಡಬಹುದು, ಒಬ್ಬರು ಅನುಮಾನಿಸಬೇಕು, ಒಬ್ಬರು ಮಗನ ಮನೆಯ ಮೆಟ್ಟಿಲಿಳಿಯುವಾಗಲೂ ಹೆದರಬೇಕು. ವ್ಯತ್ಯಾಸ ಧೈರ್ಯದಲ್ಲಿಲ್ಲ, ಕಾಗದಪತ್ರದಲ್ಲಿದೆ.

ಇದಕ್ಕಿಂತ ಚೂಪಾದ ಆಕ್ಷೇಪ ಇನ್ನೊಂದಿದೆ: ಇದು ಬಡತನಕ್ಕೆ ಹಾಕಿದ ಪ್ರವಾಸದ ವೇಷ ಎಂಬುದು. ಪತ್ರಕರ್ತೆ ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೋಮ್ಯಾಡ್‌ಲ್ಯಾಂಡ್’ ಇದನ್ನೇ ಹೇಳಿತು. ಅದನ್ನು ಆಧರಿಸಿ ಕ್ಲೋಯಿ ಝಾವ್ ಮಾಡಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡ ವಯಸ್ಸಾದವರು ಬಾಡಿಗೆ ಕಟ್ಟಲಾಗದೆ ವ್ಯಾನು ಹತ್ತಿದರು. ಅವರನ್ನು ಹಬ್ಬದ ಸೀಸನ್ನಿನಲ್ಲಿ ಗೋದಾಮಿನ ಕೆಲಸಕ್ಕೆ ಕರೆಯಲು ಅಮೆಜಾನ್ ‘ಕ್ಯಾಂಪರ್‌ಫೋರ್ಸ್’ ಎಂಬ ಯೋಜನೆಯನ್ನೇ ನಡೆಸಿತು. ಎಪ್ಪತ್ತರ ಮಂಡಿಗಳು ಕಾಂಕ್ರೀಟಿನ ಮೇಲೆ ಪಾಳಿಯುದ್ದಕ್ಕೂ ನಡೆಯುವುದನ್ನು ಸ್ವಾತಂತ್ರ್ಯ ಎನ್ನಲು ನನಗೂ ಮನಸ್ಸು ಬಾರದು. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವ ಬದಲು ಗಟ್ಟಿ ಮಾಡುತ್ತದೆ. ಒಂದೇ ಬಯಲಿನಲ್ಲಿ ಮೂರು ಲಕ್ಷ ಡಾಲರಿನ ಬಸ್ಸೂ ಹಳೆಯ ವ್ಯಾನೂ ನಿಂತಿರುತ್ತವೆ. ಹೊರಗಿನಿಂದ ಎರಡೂ ಅಲೆಮಾರಿತನವೇ. ಬೇಡವೆನಿಸಿದ ದಿನ ವಾಪಸ್ ಹೋಗಲು ಒಂದು ಬಾಗಿಲು ಇದೆಯೇ ಎಂಬುದೇ ಎರಡನ್ನೂ ಬೇರೆ ಮಾಡುವ ಗೆರೆ. ಬಾಗಿಲು ಇದ್ದವರಿಗೆ ಇದು ವಾನಪ್ರಸ್ಥ, ಇಲ್ಲದವರಿಗೆ ವನವಾಸ. ಎರಡನೆಯವರಿಗೂ ಈ ಬಯಲು ಬೀದಿಗಿಂತ ಮೇಲು ಎಂಬುದು ನಿಜ, ಅವರನ್ನು ಬಯಲಿಗೆ ತಳ್ಳಿದ ಬಾಡಿಗೆಯ ದರ ನ್ಯಾಯವಲ್ಲ ಎಂಬುದೂ ಅಷ್ಟೇ ನಿಜ.

ಗಾಡಿ ಓಡಿಸುವವರು ಮುದುಕರಾದರೆ ದಾರಿಯ ಮೇಲಿನ ಉಳಿದವರ ಗತಿಯೇನು ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಇಲ್ಲಿನ ಅನೇಕ ರಾಜ್ಯಗಳಲ್ಲಿ 26,000 ಪೌಂಡ್, ಅಂದರೆ ಹನ್ನೊಂದು ಟನ್ನಿಗೂ ಮೀರಿದ ತೂಕದವರೆಗಿನ ಮೋಟರ್‌ಹೋಮನ್ನು ಸಾಮಾನ್ಯ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಕಾನೂನು ಸಡಿಲವಾದ್ದರಿಂದ ಶಿಸ್ತು ಒಳಗಿನಿಂದ ಬರಬೇಕು. ಆರ್‌ವಿ, ಅಂದರೆ ಇಂಥ ಮನೆಗಾಡಿಗಳ ಜನರ ಬಾಯಲ್ಲಿ ‘ಮೂರು-ಮೂರು-ಮೂರು’ ಎಂಬ ಕಟ್ಟಳೆ ಇದೆ: ದಿನಕ್ಕೆ 300 ಮೈಲಿಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ ಮೂರಕ್ಕೆ ತಂಗಬೇಕು, ಹೋದಲ್ಲಿ ಮೂರು ದಿನ ಇರಬೇಕು. ಮೈ ಬಗ್ಗಿದವರು ಇದನ್ನು ‘ಎರಡು-ಎರಡು-ಎರಡು’ ಮಾಡಿಕೊಳ್ಳುತ್ತಾರೆ. ಕಣ್ಣು ಮಂಜಾದ ಮೇಲೆ, ನಿದ್ದೆ ಬರಿಸುವ ಮಾತ್ರೆ ಶುರುವಾದ ಮೇಲೆ ಸ್ಟಿಯರಿಂಗ್ ಬಿಡಬೇಕು. ಇದರಲ್ಲಿ ಚೌಕಾಸಿ ಇಲ್ಲ. ಹಾಗೆಂದು ಸ್ಟಿಯರಿಂಗ್ ಬಿಟ್ಟವರು ಗಾಡಿಯನ್ನೂ ಬಿಡಬೇಕಿಲ್ಲ. ಮಿಷಿಗನ್ನಿನ ನಾರ್ಮಾ ಬಾವರ್‌ಸ್ಮಿತ್ ಅವರಿಗೆ 2015ರಲ್ಲಿ ಗರ್ಭಕೋಶದ ಕ್ಯಾನ್ಸರ್ ಗೊತ್ತಾದಾಗ 90 ವರ್ಷ. ಶಸ್ತ್ರಚಿಕಿತ್ಸೆ, ಕೀಮೋ ಬೇಡವೆಂದು ಅವರು ಮಗ, ಸೊಸೆ, ಅವರ ನಾಯಿ ರಿಂಗೋ ಜೊತೆ ಮೋಟರ್‌ಹೋಮ್ ಹತ್ತಿದರು. ಒಂದು ವರ್ಷಕ್ಕೂ ಮೀರಿ ದೇಶ ಸುತ್ತಿ, 2016ರ ಸೆಪ್ಟೆಂಬರ್ 30ರಂದು ವಾಷಿಂಗ್ಟನ್ ರಾಜ್ಯದ ಒಂದು ದ್ವೀಪದಲ್ಲಿ ತೀರಿಕೊಂಡರು. ಇದನ್ನು ಸಾವನ್ನು ಗೆದ್ದ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಇದು ಮಗ ಸೊಸೆಯರ ಕಥೆಯೂ ಹೌದು. ಓಡಿಸುವವರು ಇದ್ದರು, ಕೊನೆಯ ದಿನಗಳಿಗೆ ಹಾಸ್ಪಿಸ್ ಆರೈಕೆ ಸಿಕ್ಕಿತು.

ಮಕ್ಕಳು ಓಡಿಸಲಾರದವರು ಏನು ಮಾಡಬೇಕು ಎಂಬುದಕ್ಕೂ ಅಲೆಮಾರಿಗಳೇ ಒಂದು ಉತ್ತರ ಕಟ್ಟಿಕೊಂಡಿದ್ದಾರೆ. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಶುರುಮಾಡಿದ ‘ಎಸ್ಕೇಪೀಸ್’ ಎಂಬ ಆರ್‌ವಿ ಸಂಘ ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಒಂದು ಆರೈಕೆ ಕೇಂದ್ರ ಮಾಡಿತು. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳು ಸುಧಾರಿಸಿಕೊಳ್ಳಬೇಕಾದವರು, ಇನ್ನು ಎಂದೂ ಹೊರಡಲಾರದವರು, ಇಬ್ಬರೂ ಅಲ್ಲಿ ತಮ್ಮ ಗಾಡಿಯನ್ನೇ ತಂದು ನಿಲ್ಲಿಸುತ್ತಾರೆ. ಊಟ ಸಿಗುತ್ತದೆ, ವೈದ್ಯರಲ್ಲಿಗೆ ಕರೆದೊಯ್ಯುವವರು ಇರುತ್ತಾರೆ. ರಾತ್ರಿ ಮಲಗುವುದು ಮಾತ್ರ ಅವರವರ ಹಾಸಿಗೆಯಲ್ಲಿ, ಅವರವರ ಕಿಟಕಿಯ ಪಕ್ಕ. ಚಕ್ರ ನಿಂತರೂ ಮನೆ ಬದಲಾಗುವುದಿಲ್ಲ. ಮುಪ್ಪಿನ ಪ್ರಯಾಣಕ್ಕೆ ನಿಲ್ಲುವ ಜಾಗವೂ ಸೇರಿದೆ ಎಂದು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಹೊಳೆಯುವ ಏರ್ಪಾಡು ಇದು.

ನಮ್ಮಲ್ಲೂ ಇದು ಹೊಸದೇನಲ್ಲ ಭಾವ. ರೈಲು ಬರುವ ಮೊದಲು ಕಾಶಿಗೆ ಹೊರಟವರು ಹೆಚ್ಚಾಗಿ ಹಣ್ಣಾದ ಜೀವಗಳೇ. ಹಿಂದಿರುಗುವ ಖಾತರಿ ಇರಲಿಲ್ಲ, ಆದ್ದರಿಂದ ಆಸ್ತಿ, ಸಾಲ, ಹೆಣ್ಣುಮಕ್ಕಳ ಮದುವೆಯ ಮಾತೆಲ್ಲ ಮುಗಿಸಿ ಹೊರಡುತ್ತಿದ್ದರು. ಅವರನ್ನು ಯಾರೂ ಅರಳುಮರಳು ಎನ್ನಲಿಲ್ಲ, ಏಕೆಂದರೆ ದಾರಿಯುದ್ದಕ್ಕೂ ಛತ್ರವಿತ್ತು, ಜೊತೆಗೆ ತಂಡವಿತ್ತು, ಸತ್ತರೆ ಸಂಸ್ಕಾರ ಮಾಡುವವರಿದ್ದರು. ಆ ಛತ್ರ, ತಂಡಗಳ ಜಾಗದಲ್ಲಿ ಇಲ್ಲಿ ಬ್ಯಾಟರಿ, ವಿಮೆ, ಸರ್ಕಾರಿ ಬಯಲು ಇವೆ. ಹಾಗಾಗಿ ನಿಮ್ಮ ಸ್ನೇಹಿತರಲ್ಲಿ ಯಾರಾದರೂ ಬೈಪಾಸ್ ಆದ ಮೇಲೆ ಹೊರಡುತ್ತೇನೆಂದರೆ ಎದೆಗಾರಿಕೆ ಎಷ್ಟಿದೆ ಎಂದು ಅಳೆಯಬೇಡಿ. ಮಾತ್ರೆಗಳ ಹೆಸರು ಬರೆದ ಚೀಟಿ ಜೇಬಿನಲ್ಲಿದೆಯೇ, ಮುಂದಿನ ಆಸ್ಪತ್ರೆ ಯಾವ ಊರಲ್ಲಿ, ವಿಮೆ ಅಲ್ಲಿ ನಡೆಯುತ್ತದೆಯೇ, ಬೆಳಗ್ಗೆ ಬಾಗಿಲು ತೆರೆಯದಿದ್ದರೆ ತಟ್ಟುವವರು ಯಾರು, ನಿಲ್ಲಬೇಕಾದಾಗ ನಿಲ್ಲುವುದು ಎಲ್ಲಿ ಎಂದು ಕೇಳಿ. ಐದಕ್ಕೂ ಉತ್ತರ ಬಂದರೆ ಹೊಸ್ತಿಲವರೆಗೆ ಹೋಗಿ ಬೀಳ್ಕೊಡಿ. ಒಂದಕ್ಕೂ ಬರದಿದ್ದರೆ ಅವರು ಸಾಗರದ ಮನೆಯಲ್ಲಿ ಕೂತಿದ್ದರೂ ಅಷ್ಟೊಂದು ಕ್ಷೇಮವಾಗಿಲ್ಲ.

ಅಕ್ಕನಿಗೆ ನಮಸ್ಕಾರ ತಿಳಿಸಿ. ಈ ಐದು ಪ್ರಶ್ನೆಗಳಿಗೆ ನೀವಿಬ್ಬರೂ ಬರೆದುಕೊಂಡ ಉತ್ತರ ಮುಂದಿನ ಕಾಗದದಲ್ಲಿ ಬರಲಿ.

ಇಂತಿ,
ನಿಮ್ಮ ಭಾವಮೈದುನ