ಮೊದಲು ಹೆಂಗಸರು, ಮಕ್ಕಳು

ಹೆಬ್ಬಳ್ಳಿಯ ನನ್ನ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಸಿದ್ಧಾರೂಢರ ಫೋಟೋದ ಪಕ್ಕಕ್ಕೇ ಕಟ್ಟು ಹಾಕಿಸಿದ ಒಂದು ಮುಳುಗುವ ಹಡಗಿನ ಚಿತ್ರವಿದೆ. ಮುಂಬಯಿಯಿಂದ ಯಾವ ಹಿರಿಯರು ತಂದರೋ ಏನೋ. ಕೆಂಪು ಕೋಟಿನ ಸಿಪಾಯಿಗಳು ವಾಲಿದ ಹಡಗಿನ ಮೇಲೆ ಕವಾಯತಿಗೆ ನಿಂತಂತೆ ಸಾಲಾಗಿ ನಿಂತಿದ್ದಾರೆ. ಬದಿಯಲ್ಲಿ ಹೆಂಗಸರು ಕೂಸುಗಳನ್ನು ಅವಚಿಕೊಂಡು ದೋಣಿಗೆ ಇಳಿಯುತ್ತಿದ್ದಾರೆ.

ಸಮುದ್ರವನ್ನೇ ಕಾಣದ ಅತ್ತೆ ಚಿತ್ರದ ಧೂಳು ಒರೆಸುತ್ತ ಅನ್ನುತ್ತಿದ್ದರು: "ನೋಡವಾ, ಹಡಗ ಮುಳುಗೂ ಮುಂದ ಮೊದಲ ಹೆಂಗಸ್ರು. ಪಂಕ್ತಿ ಕೂಡೂ ಮುಂದ ಮೊದಲ ಗಂಡಸ್ರು!"

ಆ ಹಡಗಿನ ಹೆಸರು ಬರ್ಕನ್‌ಹೆಡ್. ಬ್ರಿಟಿಷ್ ನೌಕಾಪಡೆಯದು. ದಕ್ಷಿಣ ಆಫ್ರಿಕದ ಯುದ್ಧಕ್ಕೆ ಸೈನಿಕರನ್ನು ಒಯ್ಯುತ್ತಿದ್ದಾಗ, 1852ರ ಫೆಬ್ರುವರಿ 26ರ ನಡುರಾತ್ರಿ ಕಳೆದ ಮೇಲೆ, ಡೇಂಜರ್ ಪಾಯಿಂಟ್ ಹತ್ತಿರ ಬಂಡೆಗೆ ಬಡಿಯಿತು. ಹಡಗಿನಲ್ಲಿ ಆರುನೂರಕ್ಕೂ ಹೆಚ್ಚು ಜನ. ನೀರಿಗಿಳಿಸಿ ಉಪಯೋಗಕ್ಕೆ ಬಂದ ದೋಣಿಗಳು ಮೂರೇ. ಹೆಂಗಸರು, ಮಕ್ಕಳನ್ನು ಒಂದಕ್ಕೆ ಹತ್ತಿಸಿದರು. ಸಿಪಾಯಿಗಳು ಈಜಿ ಹೋಗಿ ಹಿಡಿದರೆ ಆ ದೋಣಿ ಮಗುಚುತ್ತದೆ, ಕದಲಬೇಡಿ ಎಂದು ಸೈನ್ಯದ ಅಧಿಕಾರಿಗಳು ಬೇಡಿಕೊಂಡರು. ಅವರು ಕದಲಲಿಲ್ಲ. ಹೆಂಗಸರು, ಮಕ್ಕಳು ಎಲ್ಲರೂ ಉಳಿದರು. ನಾನೂರಕ್ಕೂ ಹೆಚ್ಚು ಗಂಡಸರು ಸತ್ತರು. ಈ ದೃಶ್ಯವನ್ನು ಚಿತ್ರಕಾರರು ಮತ್ತೆ ಮತ್ತೆ ಬರೆದರು, ಅಚ್ಚಾಗಿ ಅದು ಮನೆಮನೆ ಸೇರಿತು.

ಚಿತ್ರ ನೋಡಿದವರು ಸಮುದ್ರದ ರೀತಿಯೇ ಇದು ಎಂದುಕೊಳ್ಳಬೇಕು. ಆದರೆ ಸ್ವೀಡನ್ನಿನ ಇಬ್ಬರು ಅರ್ಥಶಾಸ್ತ್ರಜ್ಞರು, ಎಲಿಂಡರ್ ಮತ್ತು ಎರಿಕ್ಸನ್, ಬರ್ಕನ್‌ಹೆಡ್ ಮೊದಲುಗೊಂಡು 2011ರವರೆಗಿನ 18 ಹಡಗು ದುರಂತಗಳ ಲೆಕ್ಕ ತೆಗೆದು 2012ರಲ್ಲಿ ಪ್ರಕಟಿಸಿದರು. ಹಡಗಿನ ಸಿಬ್ಬಂದಿಯಲ್ಲಿ ಬದುಕಿದವರು ನೂರಕ್ಕೆ 61, ಗಂಡಸು ಪ್ರಯಾಣಿಕರಲ್ಲಿ 37, ಹೆಂಗಸರಲ್ಲಿ 27, ಮಕ್ಕಳಲ್ಲಿ ಬರೀ 15! ಹೆಂಗಸರು ಹೆಚ್ಚಾಗಿ ಉಳಿದ ಬರ್ಕನ್‌ಹೆಡ್, ಟೈಟಾನಿಕ್‌ಗಳೇ ಅಪರೂಪದವು. ಅವು ಅಪರೂಪವಾದದ್ದರಿಂದಲೇ ಗೋಡೆಗೆ ಏರಿದವೇನೋ.

ಆ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ಹೆಂಗಸರು, ಮಕ್ಕಳು ಮೊದಲು ಎಂದು ಕಪ್ತಾನ ಬಾಯಿಬಿಟ್ಟು ಅಪ್ಪಣೆ ಕೊಟ್ಟ ಕಡೆ ಹೆಂಗಸರು ಉಳಿಯುವ ಸಂಭವ ಹೆಚ್ಚಿತ್ತು. ಅಂದರೆ ಪದ್ಧತಿ ತಾನಾಗಿ ಯಾರನ್ನೂ ಕಾಯುವುದಿಲ್ಲ; ಅಧಿಕಾರವಿದ್ದವರು ಹೇಳಬೇಕು, ಉಳಿದವರು ನಿಲ್ಲಬೇಕು. ನಮ್ಮ ಮನೆಗಳಲ್ಲಿ ಅನ್ನ ಆರಿದ ಮೇಲೆ, ಪಲ್ಯ ತೀರಿದ ಮೇಲೆ ಹೆಂಗಸರು ಉಣ್ಣುವುದನ್ನು ಯಾರೂ ಅಪ್ಪಣೆ ಮಾಡಿಲ್ಲ. ಬೇಡ ಎಂದೂ ಯಾರೂ ಹೇಳಿಲ್ಲ.

ಧಾರವಾಡದ ನಮ್ಮ ಮನೆಯಲ್ಲಿ ಮಗಳ ಸೀಮಂತದ ದಿನ, ಮನೆಗೆ ಹಿರಿಯಳಾದ ನಾನು ಹೇಳಿಬಿಟ್ಟೆ: ಮೊದಲ ಪಂಕ್ತಿ ಅಡಿಗೆ ಮಾಡಿದವರದು, ಬಡಿಸುವವರು ಗಂಡಸರು. ಸ್ವಲ್ಪ ಗುಸುಗುಸು ನಡೆಯಿತು. ಆಮೇಲೆ ಅಳಿಯನೇ ತುಪ್ಪದ ಗಿಂಡಿ ಹಿಡಿದ. ನಲವತ್ತು ವರ್ಷ ಹೋಳಿಗೆ ಬೇಯಿಸಿದ ನಮ್ಮ ನೆಗೆಣ್ಣಿ ಎಲೆಯ ಮುಂದೆ ಸುಮ್ಮನೆ ಕೂತು ಅಂದಳು:

"ಹೋಳಿಗಿ ಮ್ಯಾಲ ತುಪ್ಪ ಕರಗೂದನ್ನ ನನ್ನ ಎಲ್ಯಾಗ ಇವತ್ತ ನೋಡಿದೆ, ಅಕ್ಕಾ."