ಉರುಮೆ ಯಾರ ಹೆಗಲಿಗೆ

ಅಪ್ಪನ ಉರುಮೆಯನ್ನು ಇದ್ದ ಹಾಗೇ ಉಳಿಸಿಕೊಳ್ಳಬೇಕೋ, ಈ ಕಾಲಕ್ಕೆ ತಕ್ಕಂತೆ ಮಾರ್ಪಡಿಸಲು ಬಿಡಬೇಕೋ ಎಂಬ ಮಾತು ನಮ್ಮ ಮನೆಯಲ್ಲಿ ಎದ್ದು ಬಹಳ ದಿನಗಳಾದವು. ಕೇಳಿದವರಿಗೆ ಇದು ಹಳೆಯ ವಾದ್ಯವೊಂದರ ರಿಪೇರಿಯ ವಿಷಯ. ನನಗೆ ಹಾಗಾಗಲಿಲ್ಲ. ಉತ್ತರ ಹುಡುಕುತ್ತ ಹೋದ ಹಾಗೆ ಉರುಮೆಗಿಂತ ಹೆಚ್ಚಾಗಿ ನನ್ನನ್ನೇ ಬಿಚ್ಚಿ ನೋಡಿಕೊಳ್ಳಬೇಕಾಯಿತು.

ಚಿತ್ರದುರ್ಗ ಸೀಮೆಯವರಿಗೆ ಉರುಮೆಯ ಪರಿಚಯ ಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುವುದಾದರೆ, ನಡು ಸಣ್ಣಗಿದ್ದು ಎರಡು ತುದಿ ಅಗಲವಾದ, ಹೆಗಲಿಗೆ ನೇತುಹಾಕಿಕೊಂಡು ನುಡಿಸುವ ಚರ್ಮವಾದ್ಯ ಇದು. ಒಂದು ಮುಖವನ್ನು ತೆಳುವಾದ ಕಡ್ಡಿಯಿಂದ ಬಡಿಯುತ್ತಾರೆ, ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಆ ಉಜ್ಜುವಿಕೆಯಿಂದ ಹೊರಡುವ ಗುಟುರು ತಮಟೆಯಲ್ಲೂ ಇಲ್ಲ, ಡೊಳ್ಳಿನಲ್ಲೂ ಇಲ್ಲ. ನಮ್ಮ ಕಡೆ ಕಾಡುಗೊಲ್ಲರ, ಮ್ಯಾಸಬೇಡರ ದೇವರುಗಳ ಹಬ್ಬಕ್ಕೆ, ಮಾರಮ್ಮನ ಜಾತ್ರೆಗೆ ಉರುಮೆ ಬೇಕೇ ಬೇಕು. ಅದರ ಗುಟುರು ಏರದೆ ದೇವರು ಮೈಮೇಲೆ ಬರುವುದಿಲ್ಲ ಎಂಬ ನಂಬಿಕೆ ಈಗಲೂ ಗಟ್ಟಿಯಾಗಿದೆ.

ನಮ್ಮ ಮನೆಯ ಉರುಮೆಯ ಒಡಲು ಒಂದೇ ಮರದ ತುಂಡಿನಲ್ಲಿ ಕೊರೆದದ್ದು. ಅಪ್ಪನಿಗೆ ಅದು ಅವನ ಅಜ್ಜನಿಂದ ಬಂತು. ಹೆಗಲ ಪಟ್ಟಿ ಹಾಯುವ ಜಾಗದಲ್ಲಿ ಮರ ಸವೆದು, ಬೆವರು ಕುಡಿದು, ಕಪ್ಪಗೆ ಹೊಳೆಯುತ್ತದೆ. ಬೆರಳಾಡಿಸಿದರೆ ಒಳಗೆ ಉಳಿಯ ಏಟಿನ ಗುರುತುಗಳು ತಗಲುತ್ತವೆ. ಉಜ್ಜುವ ಮುಖಕ್ಕೆ ಅಪ್ಪ ಹರಳೆಣ್ಣೆ ಸವರಿ, ಬಾಗುಕೋಲನ್ನು ಒತ್ತಿ ಎಳೆದರೆ ಮೊದಲು ಎದುರಿನವರ ಎದೆಗೂಡು ಅದುರುತ್ತಿತ್ತು, ಕಿವಿಗೆ ಕೇಳುವುದು ಆಮೇಲೆ. ಅಂಥ ಮರದ ಒಡಲು ಈಗ ಅಪರೂಪ. ಹೊಸ ಉರುಮೆಗಳು ಹೆಚ್ಚಾಗಿ ತಗಡಿನಲ್ಲೋ ಫೈಬರಿನಲ್ಲೋ ಆಗುತ್ತಿವೆ.

ಅಣ್ಣನ ಮಗ ಈಗ ತಂಡ ಕಟ್ಟಿದ್ದಾನೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನ ಜಾತ್ರೆ, ಮೆರವಣಿಗೆ, ಸರ್ಕಾರಿ ಉತ್ಸವ ಎಲ್ಲ ಕಡೆ ಕರೆ ಬರುತ್ತದೆ. ಅವನ ಬೇಡಿಕೆ ಸರಳ. ಎರಡೂ ಕಡೆ ಚರ್ಮ ತೆಗೆದು ಫೈಬರ್ ಹಾಳೆ ಕೂರಿಸಬೇಕು. ಹಗ್ಗದ ಬದಲು ಕಬ್ಬಿಣದ ಬಳೆ ಹಾಕಿ, ಒಡಲಿಗೆ ಕೊಕ್ಕೆ ಜಡಿದು, ನಟ್ಟು ಬೋಲ್ಟಿನಲ್ಲಿ ಬಿಗಿಯಬೇಕು. ನಾನು ಬೇಡ ಎಂದೆ. ಅವನು ಕೇಳಿದ: “ಚಿಕ್ಕಪ್ಪ, ಬಾರಿಸದೆ ಗೋಡೆಗೆ ತೂಗುಹಾಕಿದ್ರೆ ಅದು ಬರೀ ಕೊರಡು. ನಿಮಗೆ ಉರುಮೆ ಬೇಕಾ, ಕೊರಡು ಬೇಕಾ?”

ಅವನ ಬೇಡಿಕೆ ಹಗುರವಾದದ್ದಲ್ಲ. ನಮ್ಮದು ಒಣ ಜಿಲ್ಲೆ. ಚರ್ಮದ ವಾದ್ಯ ಇಲ್ಲಿ ಬಾಳಿದ್ದಕ್ಕೆ ಈ ಒಣ ಗಾಳಿಯೂ ಕಾರಣ. ಆದರೆ ಮಳೆ ಹಿಡಿದರೆ ಆಟವೇ ಬೇರೆ. 2022ರಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಊರೆಲ್ಲ ಹಬ್ಬ ಮಾಡಿದ ಆ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲಾಗಿ, ಗುಟುರು ಗಂಟಲಲ್ಲೇ ಸಿಕ್ಕಿಕೊಂಡಿತು. ಹಳ್ಳಿಯಲ್ಲಾದರೆ ಸೋಗೆ, ಹುಲ್ಲು ಗುಡ್ಡೆ ಹಾಕಿ ಬೆಂಕಿ ಮಾಡಿ ಕಾಯಿಸಿಕೊಳ್ಳಬಹುದು. ಪಟ್ಟಣದ ಡಾಂಬರು ರಸ್ತೆಯ ಮೆರವಣಿಗೆಯಲ್ಲಿ ಬೆಂಕಿ ಹಾಕಲು ಯಾರು ಬಿಡುತ್ತಾರೆ? ಹದವಾದ ಚರ್ಮ ಸಿಗುವುದೂ ಕಷ್ಟವಾಗಿದೆ. ಮನೆಯಲ್ಲೇ ಚರ್ಮ ನೆನೆಹಾಕಿ, ಕೂದಲು ತೆಗೆದು, ನೆರಳಲ್ಲಿ ಒಣಗಿಸಿ ಬಿಗಿಯುತ್ತಿದ್ದ ಕೈಗಳು ಒಂದೊಂದಾಗಿ ಹೋದವು. 2020ರ ಜಾನುವಾರು ಹತ್ಯೆ ತಡೆ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ, ತಮಟೆಗೆ ಬೇಕಾದ ಎಳೆಗರುವಿನ ಚರ್ಮದ ದಾರಿ ಇನ್ನಷ್ಟು ಇಕ್ಕಟ್ಟಾಯಿತು. ವಾದ್ಯದವರ ಈ ಪಾಡು ನಮ್ಮೊಬ್ಬರದೇ ಅಲ್ಲ. ಅಮೆರಿಕದ ರೆಮೊ ಬೆಲ್ಲಿ 1957ರಲ್ಲಿ ಪ್ಲಾಸ್ಟಿಕ್ ಹಾಳೆಯ ಡ್ರಮ್ ಮುಖಗಳನ್ನು ಮಾರುಕಟ್ಟೆಗೆ ತಂದಾಗ, ಅಲ್ಲಿಯ ವಾದಕರು ಅವುಗಳಿಗೆ ಒಲಿದದ್ದೂ ಹವಾಮಾನದ ಕಾಟದಿಂದಲೇ. ಚರ್ಮ ಬಿಟ್ಟವರೆಲ್ಲ ಪರಂಪರೆಗೆ ಬೆನ್ನು ತಿರುಗಿಸಿದವರು ಎನ್ನುವುದು ವಾದ್ಯ ಹೊರದವರ ಮಾತು.

ಹಾಗಿದ್ದರೂ ನನ್ನ ಮನಸ್ಸು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂದು ಕೇಳಿಕೊಂಡಾಗ ಮೊದಲು ಬಂದ ಉತ್ತರಗಳು ಬಹಳ ಚೆಂದವಾಗಿದ್ದವು: ಪರಂಪರೆ, ನಾದ, ಪೂರ್ವಿಕರ ನೆನಪು. ಚೆಂದವಾಗಿದ್ದುದರಿಂದಲೇ ನನಗೆ ಅನುಮಾನ ಬಂತು.

ಚಿತ್ರದುರ್ಗದ ಕೋಟೆಯ ಮೇಲಿನ ಹಿಡಿಂಬೇಶ್ವರ ಗುಡಿಯಲ್ಲಿ ಒಂದು ಭೇರಿ ಇದೆ. ಕಬ್ಬಿಣದ ತಗಡುಗಳನ್ನು ಜೋಡಿಸಿದ ದೊಡ್ಡ ಕೊಳವೆ. ಎತ್ತರ 6 ಅಡಿ, ಸುತ್ತಳತೆ 10 ಅಡಿ ಎಂದು ರೈಸ್ ಅವರ ಮೈಸೂರು ಗೆಜೆಟಿಯರ್ ಬರೆದಿಟ್ಟಿದೆ. ಹಿಡಿಂಬನ ಭೇರಿ ಎನ್ನುವವರಿದ್ದಾರೆ, ಭೀಮನದು ಎನ್ನುವವರೂ ಇದ್ದಾರೆ. ಮುಖಕ್ಕೆ ಚರ್ಮವಿಲ್ಲ, ಬಾರಿಸುವವರಿಲ್ಲ. ಕಥೆಯ ಬಲದಿಂದ ಅದು ಉಳಿದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ. ಆದರೆ ಅದರ ಪೆಟ್ಟುಗಳು ಯಾವುವು, ಯಾವ ಹೊತ್ತಿಗೆ ಯಾವ ನುಡಿ ನುಡಿಯುತ್ತಿತ್ತು ಎನ್ನುವುದು ಯಾರಿಗೂ ತಿಳಿಯದು. ಕಬ್ಬಿಣ ಉಳಿಯಿತು, ಬಾರಿಸುವ ಬಗೆ ಉಳಿಯಲಿಲ್ಲ. ಅಪ್ಪನ ಉರುಮೆಗೆ ನಾನು ಬಯಸುತ್ತಿದ್ದುದು ಇದೇ ಬಾಳೇ?

ಮ್ಯೂಸಿಯಂಗೆ ಕೊಡು ಎಂದವರೂ ಇದ್ದರು. ಆ ದಾರಿಯನ್ನು ನಾನು ಹಗುರವಾಗಿ ಕಾಣಲಾರೆ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ದುಡಿದವರು. ನಮ್ಮ ಪಕ್ಕದವರೇ ಆದ ಅವರು ಹಳ್ಳಿ ಹಳ್ಳಿ ಅಲೆದು, ಜನ ಅಟ್ಟಕ್ಕೆಸೆದದ್ದನ್ನು ಆರಿಸಿ ತರದಿದ್ದರೆ ಎಷ್ಟೋ ವಸ್ತುಗಳು ಒಲೆಗೆ ಹೋಗುತ್ತಿದ್ದವು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೂ ಇದೇ ಮಾತು ಸಲ್ಲುತ್ತದೆ. ಯಾರೂ ಮುಟ್ಟದೆ ಬಿಟ್ಟದ್ದನ್ನು ಕಾಯುವ ಕೆಲಸ ಅವರದು. ನಮ್ಮ ಉರುಮೆಗೋ, ಹೆಗಲು ಕೊಡಲು ಒಬ್ಬ ಹುಡುಗ ನಿಂತಿದ್ದಾನೆ. ಅವನ ಕೈಯಿಂದ ಕಿತ್ತು ಗಾಜಿನ ಪೆಟ್ಟಿಗೆಗೆ ಕೊಟ್ಟರೆ ಅದನ್ನು ಉಳಿಸಿದ್ದು ಎನ್ನಲಾಗದು.

ಇನ್ನು ಉಳಿದದ್ದು ನನ್ನ ಹಾಲ್‌ನ ಗೋಡೆ. ಇಲ್ಲಿಗೆ ಬಂದಾಗ ನನ್ನ ಆಸೆಯ ಬೇರು ಕಾಣಿಸಿತು.

ಅಪ್ಪ ಉರುಮೆ ಬಾರಿಸುತ್ತಿದ್ದುದು ಬಯಸಿದ್ದರಿಂದ ಅಲ್ಲ. ಹುಟ್ಟಿದ ಕೇರಿ ಆ ಕೆಲಸವನ್ನು ಅವನ ಹೆಗಲಿಗೆ ಹಾಕಿತ್ತು. ಹಬ್ಬಕ್ಕೆ ಕರೆ ಬಂದರೆ ಜ್ವರವಿದ್ದರೂ ಹೋಗಬೇಕು, ಹೆಣದ ಮುಂದೆಯೂ ಬಾರಿಸಬೇಕು. ಕೂಲಿ ಎಂದರೆ ಸುಗ್ಗಿಯಲ್ಲಿ ಕಣದಿಂದ ಸಿಗುವ ಒಂದಿಷ್ಟು ಕಾಳು, ಹಬ್ಬದ ಮರುದಿನದ ಅನ್ನ. ಅವನ ಉರುಮೆಯ ಗುಟುರಿಗೆ ದೇವರು ಪೂಜಾರಿಯ ಮೈಮೇಲೆ ಬರುತ್ತಿತ್ತು. ಅವನು ಮಾತ್ರ ಗುಡಿಯ ಅಂಗಳದಾಚೆ ನಿಲ್ಲುತ್ತಿದ್ದ. ದೇವರಿಗೆ ಉರುಮೆ ಬೇಕಿತ್ತು, ಉರುಮೆಯವನು ಬೇಕಿರಲಿಲ್ಲ. ನಾನು ಓದಿ ಕೆಲಸ ಹಿಡಿದು ದುರ್ಗದ ಪೇಟೆಯಲ್ಲಿ ಮನೆ ಮಾಡಿದೆ. ಅವ್ವ ಹರಕೆ ಹೊತ್ತದ್ದೇ ಅದಕ್ಕೆ: ಈ ಮಗನ ಹೆಗಲಿಗೆ ಉರುಮೆ ಬೀಳಬಾರದು ಎಂದು. ಹರಕೆ ಫಲಿಸಿತು. ನನಗೆ ಒಂದು ಪೆಟ್ಟೂ ಬಾರದು.

ಉರುಮೆ ನನಗೆ ಪ್ರಿಯವಾದದ್ದು ಅದರ ಹೊರೆ ನನ್ನ ಮೇಲಿಲ್ಲ ಎಂದು ಖಾತ್ರಿಯಾದ ಮೇಲೆ. ಮನೆಗೆ ಬಂದವರು ಗೋಡೆ ನೋಡಿ, ಇದು ಎಷ್ಟು ಹಳೆಯದು ಎಂದು ಬೆರಗಾಗಬೇಕು, ನಾನು ನಮ್ಮ ಮುತ್ತಜ್ಜನ ಕಾಲದ್ದು ಎನ್ನಬೇಕು. ಅವಮಾನದ ಭಾಗವನ್ನು ಅಪ್ಪ ಅನುಭವಿಸಿ ಮುಗಿಸಿದ. ಅಂದದ ಭಾಗವನ್ನು ನಾನು ಇಟ್ಟುಕೊಳ್ಳಬಯಸಿದೆ. ಈ ಮಾತು ನನಗೆ ನಾನೇ ಹೇಳಿಕೊಳ್ಳುವುದು ಸುಲಭವಾಗಲಿಲ್ಲ. ಅಪ್ಪನ ಮೇಲಿನ ಪ್ರೀತಿ ಸುಳ್ಳಲ್ಲ. ಆದರೆ ಆ ಪ್ರೀತಿಯ ಜೊತೆಗೇ ಒಡೆತನದ ಆಸೆಯೂ ಬೆಳೆದಿತ್ತು. ಎರಡನ್ನೂ ಬಿಡಿಸಿ ನೋಡದೆ ತೀರ್ಮಾನ ಮಾಡುವ ಹಕ್ಕು ನನಗಿಲ್ಲ.

ಹಾಗೆ ಬಿಡಿಸಿ ನೋಡಿದಾಗ ಅಣ್ಣನ ಮಗ ಬೇರೆಯಾಗಿ ಕಂಡ. ಅವನಿಗೂ ಪದವಿಯಿದೆ. ಬೇರೆ ಕೆಲಸ ಮಾಡಬಲ್ಲ. ಉರುಮೆಯನ್ನು ಅವನು ಆರಿಸಿಕೊಂಡ. ಕರೆದವರ ಜೊತೆ ಮೊದಲೇ ಮಾತಾಡಿ ಸಂಭಾವನೆ ಗೊತ್ತುಮಾಡುತ್ತಾನೆ. ಅಂಗಳದಾಚೆ ನಿಲ್ಲಿ ಎಂದರೆ ತಂಡವನ್ನು ವಾಪಸ್ ಕರೆದುಕೊಂಡು ಬರುತ್ತಾನೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿ ವರ್ಷ ನಾಟಕೋತ್ಸವ ನಡೆಯುತ್ತದೆ. ಆ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಜನ ಕೂತು, ಎದುರಿನ ಕಲಾವಿದನಿಗೆ ಗೌರವದಿಂದ ಕಿವಿಗೊಡುವುದನ್ನು ಅವನು ನೋಡಿ ಬೆಳೆದವನು. ಉರುಮೆಗೂ ಅಂಥ ಕಿವಿ ಬೇಕು ಎನ್ನುವುದು ಅವನ ಹಟ.

ಈ ಬದಲಾವಣೆ ಅವನಿಂದಲೇ ಶುರುವಾದದ್ದಲ್ಲ. ಹರಿಹರ ನಮ್ಮ ಜಿಲ್ಲೆಗೇ ಸೇರಿದ್ದ ಕಾಲದಲ್ಲಿ ಅಲ್ಲಿ ಹುಟ್ಟಿದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಚಾಕರಿಯ ಗುರುತಾಗಿದ್ದ ತಮಟೆ ಆ ಚಳವಳಿಯ ಮೆರವಣಿಗೆಗಳಲ್ಲಿ ಹಕ್ಕು ಕೇಳುವ ದನಿಯಾಯಿತು. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲಿ ಹಿರಿಯರು ಕಣ್ಣೊರೆಸಿಕೊಂಡರು. ಇನ್ನೊಂದು ಕಡೆ, ಆ ವಾದ್ಯಗಳನ್ನು ಇನ್ನು ಮುಟ್ಟುವುದಿಲ್ಲ ಎಂದು ಕೆಳಗಿಟ್ಟವರೂ ನಮ್ಮಲ್ಲಿ ಬಹಳ. ಅವರ ನೋವೂ ನ್ಯಾಯವಾದದ್ದೇ. ಕೆಳಗಿಡುವುದು, ಮತ್ತೆ ಎತ್ತಿಕೊಳ್ಳುವುದು, ಎರಡೂ ಬಾರಿಸುವವನ ಇಷ್ಟಕ್ಕೆ ಬಿಟ್ಟದ್ದಾಗಬೇಕು. ನಮ್ಮ ಉರುಮೆಯ ಮುಖ್ಯ ಪರಿವರ್ತನೆ ನಟ್ಟು ಬೋಲ್ಟಿನದ್ದಲ್ಲ. ಹೇರಿದ ಕೆಲಸ ಒಲಿದ ಕೆಲಸವಾದದ್ದೇ ಆ ಪರಿವರ್ತನೆ, ಮತ್ತು ಅದು ಆಗಲೇ ಆಗಿಹೋಗಿದೆ.

ಇಷ್ಟು ತಿಳಿದ ಮೇಲೆ ಉರುಮೆಯನ್ನು ಕೆಳಗಿಳಿಸಿ, ಅಣ್ಣನ ಮಗನ ಜೊತೆ ಕೂತು ಹಗ್ಗ ಬಿಚ್ಚಿ ನೋಡಿದೆ. ಅಪ್ಪ ಚರ್ಮವನ್ನು ಎಷ್ಟು ಸಲ ಬದಲಿಸಿದ್ದನೋ ಲೆಕ್ಕವಿಲ್ಲ. ಹಗ್ಗ ಹೊಸದು, ಬಿದಿರ ಬಳೆಗಳು ಹೊಸವು, ಕೋಲೂ ಅವನೇ ಮಾಡಿಕೊಂಡದ್ದು. ಮುತ್ತಜ್ಜನ ಕಾಲದ್ದಾಗಿ ಉಳಿದದ್ದು ಒಡಲು ಒಂದೇ. ಆ ಒಡಲಿಗೆ ಎಲ್ಲಿಯೂ ಮೊಳೆಯಿಲ್ಲ, ತೂತಿಲ್ಲ. ಚರ್ಮವನ್ನು ಬಳೆಗೆ ಸುತ್ತಿ, ಬಳೆಗಳನ್ನು ಒಡಲ ಬಾಯಿಗೆ ಕೂರಿಸಿ, ಆ ಬಳೆಯಿಂದ ಈ ಬಳೆಗೆ ಹಗ್ಗ ಎಳೆದು, ಸಣ್ಣ ನಡುವಿನಲ್ಲಿ ಅಡ್ಡಹಗ್ಗದಿಂದ ಬಿಗಿದರೆ ಎರಡು ಮುಖಗಳೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮರಕ್ಕೆ ಗಾಯ ಮಾಡದೆ, ಹರಿಯುವ ಭಾಗಗಳನ್ನೆಲ್ಲ ಬದಲಿಸುತ್ತ ಹೋಗುವ ಉಪಾಯ ಅದು. ಉರುಮೆ ಮಾಡಿದ ಕೈಗೇ ಗೊತ್ತಿತ್ತು, ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಎಂದು. ಕೊಕ್ಕೆ ಜಡಿಯಲು ಕೊರೆದರೆ ಆ ಹಳೆಯ ಮರ ಬಾಯಿ ಬಿಡುತ್ತದೆ, ಬಿಟ್ಟ ಬಾಯನ್ನು ಮತ್ತೆ ಕೂಡಿಸಲಾಗದು. ಫೈಬರ್ ಹಾಳೆ ಹಾಗಲ್ಲ. ಇಂದು ಹಾಕಿ ನಾಳೆ ತೆಗೆಯಬಹುದು.

ನಾನು ಒಂದೇ ಮಾತು ಕೇಳಿಕೊಂಡೆ: ಒಡಲಿಗೆ ತೂತು ಬೇಡ, ಮಿಕ್ಕದ್ದು ನಿನ್ನಿಷ್ಟ. ಅವನೂ ಮರದ ಮೇಲೆ ಕೈಯಾಡಿಸಿ ಒಪ್ಪಿದ. ಬಡಿಯುವ ಮುಖಕ್ಕೆ ಫೈಬರ್ ಹಾಳೆಯನ್ನು ಬಳೆಗೆ ಕಟ್ಟಿ ಹಗ್ಗದಲ್ಲೇ ಬಿಗಿದೆವು. ಉಜ್ಜುವ ಮುಖಕ್ಕೆ ಚರ್ಮವೇ ಇರಲಿ ಎಂದವನು ಅವನು. ಹಾಳೆಯ ಮೇಲೆ ಕೋಲು ಎಳೆದು ನೋಡಿ, ಆ ಗುಟುರು ತನಗೆ ಸಾಲದು ಎಂದ. ಮಳೆಯ ಮೆರವಣಿಗೆಗೆ ತಗಡಿನ ಒಡಲಿನದೊಂದು ಬೇರೆಯೇ ಮಾಡಿಸಿಕೊಂಡಿದ್ದಾನೆ. ಚರ್ಮದ ಖರ್ಚು ನನ್ನದು. ಗೋಡೆಯ ಮೊಳೆ ಕಿತ್ತಿದ್ದೇನೆ. ಅಪ್ಪನ ತಮ್ಮನ ಕೈಯಲ್ಲಿ ಉಳಿದಿರುವ ಪೆಟ್ಟುಗಳನ್ನು, ಯಾವ ದೇವರಿಗೆ ಯಾವ ನಡೆ ಎಂಬುದನ್ನು ಕೇಳಿ ಕೇಳಿ ಫೋನಿನಲ್ಲಿ ಹಿಡಿದಿಡುತ್ತಿದ್ದೇನೆ. ಬಾರಿಸಲು ಬಾರದ ನನ್ನಿಂದ ಆಗುವ ಕೆಲಸ ಅದು.

ಒಂದು ಪ್ರಶ್ನೆಯನ್ನು ಮಾತ್ರ ಈಗಲೇ ಇತ್ಯರ್ಥ ಮಾಡಿಕೊಂಡಿದ್ದೇನೆ. ಅಣ್ಣನ ಮಗನ ಮಕ್ಕಳು ನಾಳೆ ಉರುಮೆ ಬೇಡ ಎನ್ನಬಹುದು. ಆಗ ನಾನಾಗಲಿ ಊರಾಗಲಿ ಸರ್ಕಾರವಾಗಲಿ, ಪರಂಪರೆ ಉಳಿಸಿ ಎಂದು ಆ ಮಕ್ಕಳ ಮೇಲೆ ಹೊರೆ ಹೊರಿಸಕೂಡದು. ಒಂದು ಕೇರಿಯ ಮಕ್ಕಳ ಬದುಕನ್ನು ಕೇಳಿ ಪಡೆಯುವಷ್ಟು ದೊಡ್ಡ ನಾದ ಯಾವುದೂ ಇಲ್ಲ. ಅಂಥ ದಿನ ಬಂದರೆ ಮ್ಯೂಸಿಯಂನ ಬಾಗಿಲಿಗೆ ನಾನೇ ಅದನ್ನು ಹೊತ್ತು ಹೋಗುತ್ತೇನೆ. ಮರದ ವಯಸ್ಸಿನ ಜೊತೆಗೆ, ಅದನ್ನು ಹೊತ್ತ ಹೆಗಲುಗಳು ಎಲ್ಲಿ ನಿಂತು ಬಾರಿಸಿದವು, ಏನು ಉಂಡವು ಎಂಬುದನ್ನೂ ಅಲ್ಲಿ ಬರೆಸುತ್ತೇನೆ. ಅಲ್ಲಿಯವರೆಗೆ ಅದು ಬಾರಿಸುವವನ ಪಾಲು.