ಈಶ್ವರಿ ಬಳ್ಳಿಯ ಸಂಸಾರ

ಕೈಲುಮುಹೂರ್ತ ಕಳೆದು ಮಳೆ ತುಸು ಹೊಳವಾಗಿತ್ತು. ವಿರಾಜಪೇಟೆ ಕಡೆಯ ಒಂದು ಕಾಫಿ ತೋಟದ ಮನೆ. ಹಿತ್ತಿಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ ಸೊಂಟದೆತ್ತರದ ಒಂದು ನಿಂಬೆ ಗಿಡ. ನೆಟ್ಟು ಎರಡು ವರ್ಷವಾದರೂ ಗಿಡ ಮೇಲೇಳುತ್ತಿಲ್ಲವೆಂದು ಮನೆಯೊಡತಿಗೆ ಬೇಸರ. ಚಿಗುರು ಬಂತೆನ್ನುವಷ್ಟರಲ್ಲಿ ಯಾವುದೋ ಹುಳು ತಿಂದು ನರಗಳನ್ನಷ್ಟೇ ಉಳಿಸುತ್ತಿತ್ತು. ಒಂದು ಬೆಳಿಗ್ಗೆ ಆಕೆ ಎಲೆಗಳನ್ನು ತಿರುವಿ ತಿರುವಿ ನೋಡಿದಳು. ಹುಳು ಕಾಣಲಿಲ್ಲ. ಅಲ್ಲಲ್ಲಿ ಹಕ್ಕಿ ಹಿಕ್ಕೆ ಬಿದ್ದಿತ್ತು, ಅಷ್ಟೆ.

ಪಕ್ಕದಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಏಳನೆಯ ತರಗತಿಯ ಮಗಳು ಕೂಗಿದಳು: 'ಅಮ್ಮಾ, ಹಿಕ್ಕೆ ನಡೀತಾ ಇದೆ!'

ಆ ಮನೆಯಲ್ಲಿ ಚಿಟ್ಟೆಗಳ ಕಥೆ ಶುರುವಾದದ್ದು ಹೀಗೆ.

ನಡೆದದ್ದು ಲೈಮ್ ಬಟರ್‌ಫ್ಲೈ, ಅಂದರೆ ನಿಂಬೆ ಚಿಟ್ಟೆಯ ಮರಿಹುಳು. ತಾಯಿ ಚಿಟ್ಟೆ ಮುಂಗಾಲುಗಳಿಂದ ಎಲೆಯನ್ನು ತಟ್ಟಿ ರುಚಿ ನೋಡುತ್ತದೆ. ಚಿಟ್ಟೆಗೆ ರುಚಿ ತಿಳಿಯುವ ಅಂಗಗಳು ಪಾದದಲ್ಲೂ ಇವೆ. ಇದು ನಿಂಬೆಯ ಜಾತಿಯದೇ ಎಂದು ಖಾತ್ರಿಯಾದ ಮೇಲೆ ಸಾಸಿವೆಯಷ್ಟು ಗಾತ್ರದ ತಿಳಿಹಳದಿ ಮೊಟ್ಟೆಗಳನ್ನು ಒಂದು ಇಲ್ಲಿ, ಒಂದು ಅಲ್ಲಿ ಎಂಬಂತೆ ಇಟ್ಟು ಹೋಗುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಯ ಮೊದಲ ಊಟ ತನ್ನ ಮೊಟ್ಟೆಯ ಸಿಪ್ಪೆಯೇ. ಆಮೇಲೆ ಕಂದು ಮೈಯ ಮೇಲೆ ಬಿಳಿ ಪಟ್ಟೆ ಬಳಿದುಕೊಂಡು ಥೇಟ್ ಹಕ್ಕಿ ಹಿಕ್ಕೆಯಂತೆ ಎಲೆಯ ಮೇಲೆಯೇ ಕುಳಿತಿರುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಾನೆ ತಿಂದೀತು? ನಾಲ್ಕು ಸಲ ಪೊರೆ ಕಳಚಿ ಮೈ ಬೆಳೆದ ಮೇಲೆ ಈ ವೇಷ ನಡೆಯುವುದಿಲ್ಲ. ಅಷ್ಟು ದೊಡ್ಡ ಹಿಕ್ಕೆ ಹಾಕುವ ಹಕ್ಕಿ ಹಿತ್ತಿಲಿಗೆ ಬರುವುದಿಲ್ಲ. ಆಗ ಅದು ಎಲೆಯಷ್ಟೇ ಹಸಿರಾಗುತ್ತದೆ.

ತಾಯಿ ಕಡ್ಡಿ ತಂದು ಹುಳುವನ್ನು ಕೆಡವಲು ಹೋದಳು. ಹುಳು ತಲೆ ಎತ್ತಿತು. ತಲೆಯ ಹಿಂದಿನಿಂದ ಹಾವಿನ ಸೀಳು ನಾಲಗೆಯಂಥ ಕೆಂಪು ಕವಲೊಂದು ಹೊರಚಾಚಿ ಘಾಟು ವಾಸನೆ ಬಂತು. ಆಕೆ ಬೆಚ್ಚಿ ಕೈ ಹಿಂದೆಗೆದಳು. ಈ ಕವಲು ಅಂಗಕ್ಕೆ ಆಸ್ಮೆಟೀರಿಯಂ ಎಂದು ಹೆಸರು. ಅದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಅದರ ವಾಸನೆ ಇರುವೆ, ಸಣ್ಣ ಕಣಜಗಳಂಥ ಶತ್ರುಗಳನ್ನು ದೂರವಿಡಲಿಕ್ಕೆ. ಸ್ವಾಲೋಟೇಲ್ ಎಂಬ ಚಿಟ್ಟೆ ಕುಟುಂಬದ ಮರಿಹುಳುಗಳಿಗೆಲ್ಲ ಈ ಅಂಗವುಂಟು. ಮರಿಹುಳುವಿನ ಕುಲ ಕಂಡುಹಿಡಿಯಲು ಇದಕ್ಕಿಂತ ಸುಲಭದ ಗುರುತಿಲ್ಲ.

ತಾಯಿ ಮಗಳ ನಡುವೆ ರಾಜಿಯಾಯಿತು. ಒಂದು ಕೊಂಬೆ ಹುಳುಗಳಿಗೆ, ಉಳಿದದ್ದು ಉಪ್ಪಿನಕಾಯಿಗೆ. ಬೇರೆ ಕೊಂಬೆಯಲ್ಲಿ ಕಂಡ ಹುಳುಗಳನ್ನು ಹುಡುಗಿಯೇ ಎತ್ತಿ ಈ ಕೊಂಬೆಗೆ ತಂದು ಬಿಡಬೇಕು. ಕೆಲವು ದಿನಗಳಲ್ಲಿ ಒಂದು ಹುಳು ಕಡ್ಡಿಗೆ ಬಾಲ ಅಂಟಿಸಿ, ಸೊಂಟಕ್ಕೊಂದು ರೇಷ್ಮೆ ದಾರ ಬಿಗಿದುಕೊಂಡು, ಮರಕ್ಕೆ ಒರಗಿ ಕುಳಿತ ಮರ ಕಡಿಯುವವನಂತೆ ನಿಂತು ಕೋಶವಾಯಿತು. ಹಸಿರು ಎಲೆಗಳ ನಡುವೆ ಕಟ್ಟಿದ ಕೋಶ ಹಸಿರು. ಒಣಗಿದ ಕಡ್ಡಿಗೆ ಕಟ್ಟಿದ್ದು ಕಂದು. ಹತ್ತಿಪ್ಪತ್ತು ದಿನದೊಳಗೆ ಒಂದು ಬೆಳಿಗ್ಗೆ ಕೋಶ ಬಿರಿಯಿತು. ಮುದುಡಿದ ಒದ್ದೆ ರೆಕ್ಕೆಗಳಿಗೆ ಮೈಯ ದ್ರವವನ್ನು ಒತ್ತಿ ಒತ್ತಿ ತುಂಬಿಕೊಂಡು, ಕಪ್ಪು ಮೈಮೇಲೆ ತಿಳಿಹಳದಿ ಚುಕ್ಕೆಗಳ ಚಿಟ್ಟೆ ಬೇಲಿ ದಾಟಿ ಹೋಯಿತು. ಹುಡುಗಿ ಅದರ ಹಿಂದೆಯೇ ಬೇಲಿಯವರೆಗೆ ಓಡಿದಳು.

ಸ್ವಾಲೋ ಎಂದರೆ ತಂತಿಯ ಮೇಲೆ ಸಾಲಾಗಿ ಕೂರುವ ಕವಲು ಬಾಲದ ಹಕ್ಕಿ. ಅದರಂತೆಯೇ ಹಿಂದಿನ ರೆಕ್ಕೆಯಲ್ಲಿ ಬಾಲವಿರುವುದರಿಂದ ಈ ಕುಟುಂಬಕ್ಕೆ ಸ್ವಾಲೋಟೇಲ್ ಎಂಬ ಹೆಸರು ಬಂತು. ಆದರೆ ಹಿತ್ತಿಲಲ್ಲಿ ಹುಟ್ಟಿದ ನಿಂಬೆ ಚಿಟ್ಟೆಗೆ ಬಾಲವೇ ಇಲ್ಲ! ಕುಟುಂಬದ ಹಲವು ಸದಸ್ಯರಿಗೆ ಇಲ್ಲ. ಇದ್ದವರಿಗೆ ಅದರಿಂದ ಉಪಯೋಗವೇನು? 2022ರಲ್ಲಿ ಫ್ರಾನ್ಸ್ ದೇಶದ ಸಂಶೋಧಕರು ಅಲ್ಲಿಯ ಒಂದು ಬಾಲದ ಚಿಟ್ಟೆಯನ್ನು ಅಭ್ಯಸಿಸಿ, ಹಕ್ಕಿಗಳು ಬಾಲದ ಭಾಗಕ್ಕೇ ಹೆಚ್ಚಾಗಿ ಕೊಕ್ಕು ಹಾಕುತ್ತವೆಂದು ತೋರಿಸಿದರು. ಬಾಲ ಹರಿದು ಹಕ್ಕಿಯ ಬಾಯಲ್ಲಿ ಉಳಿಯುತ್ತದೆ, ಜೀವ ಉಳಿಯುತ್ತದೆ. ಹಲ್ಲಿಯ ಉಪಾಯವೇ ಇಲ್ಲೂ.

ಪಶ್ಚಿಮ ಘಟ್ಟಗಳಲ್ಲಿ ಈ ಕುಟುಂಬದ 19 ಜಾತಿಗಳಿವೆ. ಅವುಗಳಲ್ಲಿ ಐದು ಈ ಘಟ್ಟಗಳಿಗೇ ಸೀಮಿತ. ಕೊಡಗಿನ ಚಿಟ್ಟೆಗಳ ಪಟ್ಟಿಯೂ ಹಳೆಯದೇ. ಎಫ್. ಹ್ಯಾನಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1916ರಲ್ಲಿ, ಜೆ. ಎ. ಯೇಟ್ಸ್ ಎಂಬವರು 1930ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕೊಡಗಿನ ಚಿಟ್ಟೆಗಳ ಬಗ್ಗೆ ಬರೆದಿದ್ದಾರೆ. ಈ ಚಿಟ್ಟೆಗಳ ದರ್ಶನಕ್ಕೆ ದುರ್ಬೀನು ಬೇಡ, ಗಿಡ ಗೊತ್ತಿದ್ದರೆ ಸಾಕು. ಕಿತ್ತಳೆ, ಕಂಚಿ, ಕೈಪುಳಿಯಂಥ ಹುಳಿಹಣ್ಣಿನ ಗಿಡದ ಸುತ್ತ ಅಂಗೈಯಗಲದ ಬ್ಲೂ ಮಾರ್ಮನ್ ಸುಳಿದಾಡುತ್ತದೆ. ದಾಲ್ಚಿನ್ನಿ ಮರವಿದ್ದಲ್ಲಿ ಮಿಂಚಿನಂತೆ ಹಾಯುವ ನೀಲಿ ಪಟ್ಟೆಯ ಬ್ಲೂಬಾಟಲ್. ಸೀತಾಫಲ, ಉದ್ದ ಅಶೋಕದ ಮರಗಳಿದ್ದಲ್ಲಿ ಹಸಿರು ಚುಕ್ಕೆಯ ಟೇಲ್ಡ್ ಜೇ. ಬೇಸಿಗೆಯಲ್ಲಿ ತೊರೆಯ ಒದ್ದೆ ಮರಳಿನ ಮೇಲೆ ಇವು ಗುಂಪುಗೂಡಿ ಉಪ್ಪು ಹೀರುವುದುಂಟು. ಹಾಗೆ ಹೀರುವವರಲ್ಲಿ ಬಹುತೇಕ ಗಂಡುಗಳೇ. ಕೂಡುವಾಗ ಆ ಉಪ್ಪು ಹೆಣ್ಣಿಗೆ ಉಡುಗೊರೆಯಾಗಿ ಸೇರುತ್ತದೆ.

ಬೇಲಿಯ ಹತ್ತಿರ ಹುಡುಗಿ ಕಂಡದ್ದು ಬೇರೆಯೇ ಒಂದು ಸಂಗತಿ. ಲಂಟಾನ ಹೂಗಳ ಮೇಲೆ ಕಪ್ಪು ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯ ಅಂಚಿನಲ್ಲಿ ರಕ್ತಗೆಂಪು ಚುಕ್ಕೆಗಳಿದ್ದ ಎರಡು ಚಿಟ್ಟೆಗಳು. ಎರಡಕ್ಕೂ ಬಾಲ, ಎರಡರ ಹಾರಾಟವೂ ಮಂದ. ನೋಟಕ್ಕೆ ಅವಳಿ ಜವಳಿ. ಅವುಗಳಲ್ಲೊಂದು ಬೇಲಿಗೆ ಹಬ್ಬಿದ್ದ ಬಳ್ಳಿಯೊಂದರ ಎಲೆಯ ಮೇಲೆ ಮೊಟ್ಟೆಯಿಟ್ಟಿತು. ಇನ್ನೊಂದು ಹಿತ್ತಿಲಿಗೆ ಬಂದು ನಿಂಬೆ ಗಿಡದ ಮೇಲೆ ಮೊಟ್ಟೆಯಿಟ್ಟಿತು! ಒಂದೇ ಜಾತಿಯಾದರೆ ಎರಡು ಊಟ ಏಕೆ? ಹುಡುಗಿ ಹತ್ತಿರ ಹೋಗಿ ನೋಡಿದಳು. ಬಳ್ಳಿಯ ಮೇಲೆ ಕುಳಿತದ್ದರ ಹೊಟ್ಟೆ ಕೆಂಪು. ನಿಂಬೆಯ ಮೇಲೆ ಕುಳಿತದ್ದರ ಹೊಟ್ಟೆ ಕಪ್ಪು.

ಕೆಂಪು ಹೊಟ್ಟೆಯದು ಕ್ರಿಮ್ಸನ್ ರೋಸ್. ಅದರ ಮೈಯಲ್ಲಿ ವಿಷವಿದೆ. ಒಮ್ಮೆ ತಿಂದು ಕಕ್ಕಿದ ಹಕ್ಕಿ ಆ ಕಪ್ಪು, ಕೆಂಪು ಬಣ್ಣವನ್ನು ಮರೆಯುವುದಿಲ್ಲ. ಆದ್ದರಿಂದಲೇ ಅದಕ್ಕೆ ಹಾರುವ ಆತುರವಿಲ್ಲ. ಕಪ್ಪು ಹೊಟ್ಟೆಯದು ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹೆಣ್ಣು. ಅದರಲ್ಲಿ ವಿಷವಿಲ್ಲ, ವಿಷವಿರುವವರ ವೇಷ ಮಾತ್ರ ಇದೆ. ಇದರ ಗಂಡು ಸಾದಾ ಕಪ್ಪು ಚಿಟ್ಟೆ; ಹಿಂದಿನ ರೆಕ್ಕೆಯಲ್ಲಿ ಒಂದು ಬಿಳಿ ಚುಕ್ಕೆಗಳ ಸಾಲು, ಅಷ್ಟೆ. ಹೆಣ್ಣುಗಳಲ್ಲಿ ಮಾತ್ರ ಮೂರು ರೂಪ. ಒಂದು ಗಂಡಿನಂತೆಯೇ ಇರುತ್ತದೆ. ಇನ್ನೊಂದು ಕಾಮನ್ ರೋಸ್ ಎಂಬ ವಿಷದ ಚಿಟ್ಟೆಯನ್ನು, ಮೂರನೆಯದು ಕ್ರಿಮ್ಸನ್ ರೋಸನ್ನು ಅನುಕರಿಸುತ್ತದೆ.

ಈ ವೇಷಕ್ಕೆ ಹಕ್ಕಿಗಳಷ್ಟೇ ಅಲ್ಲ, ಪಂಡಿತರೂ ಮೋಸಹೋದರು. ಜೀವಿಗಳಿಗೆ ಶಾಸ್ತ್ರೀಯವಾಗಿ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ಚಿಟ್ಟೆಗಳಿಗೆ ಟ್ರಾಯ್ ಯುದ್ಧದ ಕಥೆಯಿಂದ ಹೆಕ್ಟರ್, ಪ್ಯಾರಿಸ್, ಅಗಮೆಮ್ನಾನ್ ಎಂದೆಲ್ಲ ಹೆಸರು ಕೊಟ್ಟ. ಕ್ರಿಮ್ಸನ್ ರೋಸ್‌ಗೆ ಸಿಕ್ಕಿದ್ದು ಹೆಕ್ಟರನ ಹೆಸರು. ಮಾರ್ಮನ್ ಗಂಡಿಗೆ ಒಂದು ಹೆಸರು, ಅದರ ವೇಷಧಾರಿ ಹೆಣ್ಣಿಗೆ ಇನ್ನೊಂದು ಹೆಸರು ಕೊಟ್ಟು, ಗಂಡಹೆಂಡಿರನ್ನು ಅವನು ಎರಡು ಬೇರೆ ಜಾತಿ ಮಾಡಿಬಿಟ್ಟ! ಅಮೆಜಾನ್ ಕಾಡಿನಲ್ಲಿ 11 ವರ್ಷ ಅಲೆದ ಹೆನ್ರಿ ಬೇಟ್ಸ್, ನಿರಪಾಯಕಾರಿ ಚಿಟ್ಟೆಗಳು ವಿಷದ ಚಿಟ್ಟೆಗಳಂತೆ ಕಾಣುವುದರ ಮರ್ಮವನ್ನು 1862ರಲ್ಲಿ ಬಿಡಿಸಿ ಹೇಳಿದ. ಅವನ ಗೆಳೆಯ ಆಲ್‌ಫ್ರೆಡ್ ವಾಲೇಸ್ 1865ರಲ್ಲಿ, ಬೇರೆ ಬೇರೆ ಎಂದುಕೊಂಡಿದ್ದ ಈ ಹೆಣ್ಣುಗಳೆಲ್ಲ ಒಂದೇ ಜಾತಿಯವು ಎಂದು ತೋರಿಸಿದ. ಹಿತ್ತಿಲಿನ ಹುಡುಗಿ ಹೊಟ್ಟೆಯ ಬಣ್ಣ ನೋಡಿ ಕೇಳಿದ ಪ್ರಶ್ನೆಗೆ ಇಷ್ಟು ಹಿರಿಯ ವಂಶಾವಳಿಯುಂಟು.

ಒಂದೇ ತಾಯಿಯ ಹೆಣ್ಣುಮಕ್ಕಳು ಬೇರೆ ಬೇರೆ ವೇಷದಲ್ಲಿ ಹುಟ್ಟುವುದು ಹೇಗೆ? ಹಲವು ವಂಶವಾಹಿಗಳು ಒಂದು ಗೊಂಚಲಾಗಿ ಸೇರಿ ಈ ಕೆಲಸ ಮಾಡುತ್ತವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅಮೆರಿಕದ ಸಹೋದ್ಯೋಗಿಗಳು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿಯಿಂದ ಈ ವೇಷದ ನಿರ್ಧಾರವಾಗುತ್ತದೆ. ಕೀಟಗಳಲ್ಲಿ ಗಂಡು ಹೆಣ್ಣಿನ ಲಕ್ಷಣಗಳನ್ನು ರೂಪಿಸುವ ಹಳೆಯ ವಂಶವಾಹಿ ಅದು. ಈ ಚಿಟ್ಟೆಯಲ್ಲಿ ಅದಕ್ಕೆ ರೆಕ್ಕೆಗೆ ಬಣ್ಣ ಹಾಕುವ ಹೆಚ್ಚುವರಿ ಕೆಲಸವೂ ಬಿದ್ದಿದೆ.

ವೇಷಧಾರಿಗಳು ಇನ್ನೂ ಇದ್ದಾರೆ. ಕಾಮನ್ ಮೈಮ್ ಎಂಬುದರ ಒಂದು ರೂಪ ಕಾಮನ್ ಕ್ರೋ ಎಂಬ ಕಂದು ಚಿಟ್ಟೆಯಂತೆ, ಇನ್ನೊಂದು ರೂಪ ಬ್ಲೂ ಟೈಗರ್ ಚಿಟ್ಟೆಯಂತೆ ಕಾಣುತ್ತದೆ. ಘಟ್ಟಗಳಲ್ಲಿ ಮಾತ್ರ ಇರುವ ಮಲಬಾರ್ ರೇವನ್ ಕೂಡ ಕ್ರೋವನ್ನೇ ಅನುಕರಿಸುತ್ತದೆ. ಆದರೆ ಈ ನಾಟಕಕ್ಕೆ ಒಂದು ಕಟ್ಟುನಿಟ್ಟಿನ ಲೆಕ್ಕವಿದೆ. ಹಕ್ಕಿಯ ಮರಿ ಮೊದಲು ಹಿಡಿಯುವ ಕಪ್ಪು ಕೆಂಪು ಚಿಟ್ಟೆ ನಿಜವಾದ ವಿಷದ್ದಾಗಿರಬೇಕು. ಆಗಲೇ ಅದು ಪಾಠ ಕಲಿಯುತ್ತದೆ, ವೇಷಧಾರಿ ಬದುಕುತ್ತದೆ. ವೇಷಧಾರಿಗಳೇ ಹೆಚ್ಚಾದರೆ ಹಕ್ಕಿಗೆ ಸಿಗುವುದು ರುಚಿಯಾದ ಊಟ; ಆಮೇಲೆ ಆ ಬಣ್ಣಕ್ಕೆ ಬೆಲೆಯಿಲ್ಲ. ಖೋಟಾ ನೋಟು ಚಲಾವಣೆಯಾಗಬೇಕಾದರೆ ಅಸಲಿ ನೋಟಿಗೆ ಬೆಲೆಯಿರಬೇಕಷ್ಟೆ. ಹಾಗೆಯೇ ರೋಸ್ ಚಿಟ್ಟೆ ಇರುವವರೆಗೆ ಮಾತ್ರ ಮಾರ್ಮನ್ ಹೆಣ್ಣಿನ ಸೀರೆಗೆ ಬೆಲೆ.

ಹಾಗಾದರೆ ರೋಸ್ ಚಿಟ್ಟೆಗೆ ವಿಷ ಬಂದದ್ದೆಲ್ಲಿಂದ? ಬೇಲಿಯ ಆ ಬಳ್ಳಿಯಿಂದ. ಅದು ಈಶ್ವರಿ ಬಳ್ಳಿ. ಅದರ ಎಲೆಯಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಮರಿಹುಳು ಎಲೆ ತಿಂದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಚಿಟ್ಟೆಯಾಗುತ್ತದೆ. ಈ ಬಳ್ಳಿಯ ಬೇರನ್ನು ಹಾವಿನ ವಿಷಕ್ಕೆ ಔಷಧಿಯೆಂದು ಹಳ್ಳಿಗಳಲ್ಲಿ ಕೊಡುವುದುಂಟು. ಆದರೆ ಅದರ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಈಗ ಖಚಿತವಾಗಿದೆ. ಹಾವು ಕಚ್ಚಿದರೆ ಹೋಗಬೇಕಾದದ್ದು ಆಸ್ಪತ್ರೆಗೆ. ಬಳ್ಳಿಯನ್ನು ಚಿಟ್ಟೆಗೇ ಬಿಡುವುದು ಲೇಸು.

ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಈ ಬಳ್ಳಿಯ ಮತ್ತು ಇದರ ಹತ್ತಿರದ ನೆಂಟ ಗಿಡಗಳ ಎಲೆ ತಿಂದೇ ಬೆಳೆಯುವುದು. ಕಪ್ಪು ಮುಂರೆಕ್ಕೆ, ಹೊಳೆಯುವ ಹಳದಿ ಹಿಂರೆಕ್ಕೆಯ ಈ ಚಿಟ್ಟೆಯ ರೆಕ್ಕೆಯಗಲ 190 ಮಿಲಿಮೀಟರ್‌ವರೆಗೆ ಇರುತ್ತದೆ. ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲಿಗಿಂತ ಉದ್ದ. 1932ರಿಂದ ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಪಟ್ಟ ಇದರದೇ ಆಗಿತ್ತು. 2020ರಲ್ಲಿ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ತೂಗಿ ನಾಲ್ಕೇ ಮಿಲಿಮೀಟರಿನಲ್ಲಿ ಪಟ್ಟ ಕಸಿದುಕೊಂಡಿತು. ಕಾಫಿ ತೋಟದ ನೆರಳು ಮರಗಳ ಮೇಲೆ ಹಕ್ಕಿಯಂತೆ ತೇಲುವ ಅದನ್ನು ನೋಡಿದವರು ಈ ಸೋಲನ್ನು ಲೆಕ್ಕಕ್ಕಿಡುವುದಿಲ್ಲ.

ಅಕ್ಟೋಬರಿನಲ್ಲಿ ತೋಟದ ಕಳೆ ತೆಗೆಯುವ ಕೆಲಸ ಬಂತು. ಕತ್ತಿಗೆ ಎಲ್ಲ ಬಳ್ಳಿಯೂ ಒಂದೇ. ಕಳೆನಾಶಕಕ್ಕಂತೂ ಕಣ್ಣೇ ಇಲ್ಲ. ಬೇಲಿಯ ಬಳ್ಳಿ ಹೋದರೆ ರೋಸ್ ಚಿಟ್ಟೆಗೆ ಎಲೆಯಿಲ್ಲ, ಬರ್ಡ್‌ವಿಂಗಿಗೂ ಇಲ್ಲ. ರೋಸ್ ಹೋದರೆ ನಿಂಬೆ ಗಿಡದ ಮಾರ್ಮನ್ ಹೆಣ್ಣಿಗೆ ರಕ್ಷಣೆಯಿಲ್ಲ. ನಿಂಬೆ ಗಿಡ ಎಷ್ಟೇ ಹಸಿರಾಗಿದ್ದರೂ ಅದರಿಂದ ಆಗುವುದೇನೂ ಇಲ್ಲ. ಹುಡುಗಿ ಇದನ್ನು ಅಪ್ಪನಿಗೆ ವಿವರಿಸಲು ಸಾಕಷ್ಟು ಹೊತ್ತು ತೆಗೆದುಕೊಂಡಳು. ಅಪ್ಪನಿಗೆ ಎಷ್ಟು ಅರ್ಥವಾಯಿತೋ! ಮೂವತ್ತು ವರ್ಷ ಆ ಬಳ್ಳಿಯನ್ನು ಕಡಿಸಿದ್ದ ಅವರು ಮೊದಲ ಸಲ ಅದರ ಎಲೆ ಹಿಡಿದು ನೋಡಿದರು. ಕೆಲಸದವರಿಗೆ ತಿಳಿಯಲೆಂದು ಹುಡುಗಿ ತನ್ನ ಜಡೆಯ ಕೆಂಪು ರಿಬ್ಬನ್ನನ್ನು ಹರಿದು ಬಳ್ಳಿ ಇದ್ದಲ್ಲೆಲ್ಲ ಕಟ್ಟಿದಳು. ಆ ನಾಲ್ಕು ಮಾರು ಬೇಲಿಯನ್ನು ಬಿಟ್ಟು ಕತ್ತಿ ಮುಂದೆ ಹೋಯಿತು.

ಹುತ್ತರಿಯ ಹೊತ್ತಿಗೆ ಬಳ್ಳಿಯ ಮೇಲೆ ಕಡುಗಂದು ಮೈಯ, ಕೆಂಪು ಮೊಳಕೆಗಳ ಹುಳುಗಳು ತುಂಬಿದ್ದವು. ಎಲೆ ಹಸಿರು, ಹುಳು ಕೆಂಪು. ಅಡಗುವ ಪ್ರಯತ್ನವೇ ಇಲ್ಲ. ಹಬ್ಬಕ್ಕೆ ಬಂದ ನೆಂಟರೊಬ್ಬರು, ಈ ಬಳ್ಳಿಗೆ ಹುಳ ಹಿಡಿದಿದೆ, ಔಷಧಿ ಹೊಡೆಸಬಾರದೆ ಎಂದರು. ಉತ್ತರ ಕೊಟ್ಟದ್ದು ಮನೆಯೊಡತಿ: 'ಬೇಡ, ಅದನ್ನು ಬೆಳೆಸಿರುವುದೇ ಹುಳಕ್ಕೆ.'